ಯುದ್ಧದ ವಿಮಾನಗಳು ಮಳೆಯ ಗುಟ್ಟು ಹುಡುಕಿದಾಗ

ಜಮಖಂಡಿ ತಾಲೂಕಿನ ತುಬಚಿ ಕಡೆಯ ರೈತರಿಗೆ ಈ ವಿಚಿತ್ರ ಹೊಸದಲ್ಲ. ಹೊಲಕ್ಕೆ ಹನಿ ಬೀಳದಿದ್ದರೂ ಕೃಷ್ಣೆ ತುಂಬಿ ಹರಿಯುತ್ತಾಳೆ. 2019ರ ಆಗಸ್ಟ್‌ನಲ್ಲಿ ಈ ಸೀಮೆಯನ್ನು ಕಾಡಿದ ನೆರೆಯ ಮೂಲವೂ ದೂರದ ಘಟ್ಟದ ಮಳೆಯೇ. ಘಟ್ಟದಲ್ಲಿ ಸುರಿಯುವ ಮೋಡ ಬಯಲುಸೀಮೆಯಲ್ಲಿ ಕೈಕೊಡುವುದೇಕೆ? ಇದನ್ನು ಅರಿಯಲು ಮೋಡದೊಳಗೇ ಹೋಗಬೇಕು. ಹಾಗೆ ಹೋದ ವಿಮಾನಗಳಲ್ಲಿ ಹಲವು ಮೂಲತಃ ಯುದ್ಧಕ್ಕೆಂದು ರೂಪುಗೊಂಡವು.

1943ರ ಜುಲೈ 27ರಂದು ಅಮೆರಿಕದ ಸೇನಾಧಿಕಾರಿ ಜೋಸೆಫ್ ಡಕ್‌ವರ್ತ್ ಪೈಲಟ್‌ಗಳ ತರಬೇತಿ ವಿಮಾನವೊಂದನ್ನು ಟೆಕ್ಸಾಸ್ ಕರಾವಳಿಯ ಚಂಡಮಾರುತದ ಒಡಲಿಗೇ ನುಗ್ಗಿಸಿ ಸುರಕ್ಷಿತವಾಗಿ ಮರಳಿದರು. 1956ರಲ್ಲಿ ಅಲ್ಲಿನ ವಾಯುಪಡೆ ಬಿ-50 ಮತ್ತು ಬಿ-47 ಬಾಂಬರ್‌ಗಳನ್ನು ಚಂಡಮಾರುತದ ಸಂಶೋಧನೆಗೆ ಒದಗಿಸಿತು. ಬಾಂಬು ಹೊರಬೇಕಾದ ವಿಮಾನಗಳು ಗಾಳಿ, ಉಷ್ಣತೆ, ತೇವಾಂಶ ಅಳೆಯುವ ಉಪಕರಣಗಳನ್ನು ಹೊತ್ತವು.

ನಮ್ಮ ನಾಡಿಗೂ ಇಂತಹ ಒಂದು ಕಥೆಯಿದೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ಸಾಗಿಸಿದ ಡಕೋಟ ವಿಮಾನಗಳು ದುರಸ್ತಿಗೆ ಬರುತ್ತಿದ್ದುದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದ್ದೂ ಡಕೋಟಗಳೇ. ಮುಂದೆ 1973ರಿಂದ 1986ರ ನಡುವಿನ 11 ಮಳೆಗಾಲಗಳಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಬಾರಾಮತಿ ಬಳಿ ಮೋಡಬಿತ್ತನೆಯ ಪ್ರಯೋಗ ನಡೆಸಿದಾಗ, ಮೋಡ ಹೊಕ್ಕಿದ್ದು ಇದೇ ಮಾದರಿಯ ವಿಮಾನ. ಆ ಪ್ರದೇಶವೂ ಕೃಷ್ಣಾ ಕೊಳ್ಳದ್ದೇ. ಉಪ್ಪಿನ ನುಣ್ಣನೆಯ ಕಣಗಳು ತೇವವನ್ನು ಹೀರಿ ದೊಡ್ಡ ಹನಿಗಳಾಗುತ್ತವೆ, ಸಣ್ಣ ಹನಿಗಳನ್ನು ಕೂಡಿಸಿಕೊಂಡು ಕೆಳಗೆ ಬೀಳುತ್ತವೆ ಎಂಬುದು ಅದರ ತತ್ವ. ಮಳೆ ಶೇ. 24ರಷ್ಟು ಹೆಚ್ಚಿತೆಂದು ವಿಜ್ಞಾನಿಗಳು ಲೆಕ್ಕಹಾಕಿದರು. ಆದರೆ ಮೋಡವೇ ಇಲ್ಲದ ಆಕಾಶದಲ್ಲಿ ಬಿತ್ತನೆಯಿಂದ ಮಳೆ ಬಾರದು ಎಂಬುದನ್ನೂ ನಾವು ಮರೆಯಬಾರದು.

2017ರಲ್ಲಿ ರಷ್ಯಾದ ಜಿಯೋಫಿಸಿಕಾ ಎಂಬ ವಿಮಾನ ಕಠ್ಮಂಡುವಿನಿಂದ ಏರಿ ಮುಂಗಾರಿನ ನೆತ್ತಿಯನ್ನು ತಪಾಸಣೆ ಮಾಡಿತು. ಅದು ಬೇಹುಗಾರಿಕೆಗೆಂದು ರೂಪಿಸಿದ ಮಾದರಿ. ಅಷ್ಟು ಎತ್ತರದಲ್ಲಿ ಸಿಕ್ಕಿದ್ದು ಅಮೋನಿಯಂ ನೈಟ್ರೇಟ್‌ನ ಕಣಗಳು. ಹೊಲದ ಗೊಬ್ಬರ ಮತ್ತು ದನಕರುಗಳ ಸಗಣಿ-ಮೂತ್ರದಿಂದ ಹೊರಟ ಅಮೋನಿಯಾವನ್ನು ಮುಂಗಾರು ಮೋಡಗಳೇ ಮೇಲಕ್ಕೆ ಒಯ್ದಿದ್ದವು.

ಶತ್ರುವಿನ ಗುಟ್ಟು ಹುಡುಕಲು ಹುಟ್ಟಿದ ವಿಮಾನ ಕೊನೆಗೆ ಕಂಡದ್ದು ನಮ್ಮದೇ ಹೊಲದ ಗುಟ್ಟನ್ನು. ನಾವು ಮಣ್ಣಿಗೆ ಸುರಿದದ್ದು ಮುಗಿಲಿಗೂ ಮುಟ್ಟುತ್ತದೆ. ಮೋಡಕ್ಕೆ ಗಡಿಯಿಲ್ಲ. ಅದನ್ನು ಅರಿಯುವ ಜ್ಞಾನಕ್ಕೂ ಗಡಿ ಇರಬಾರದು. ಯಂತ್ರ ಕೊಲ್ಲುವುದೋ ಕಾಯುವುದೋ ಎಂಬುದನ್ನು ನಿರ್ಧರಿಸುವವರು ಅದನ್ನು ನಡೆಸುವ ಮನುಷ್ಯರು ತಾನೆ?