ದಿ ಲೈಫ್ ಅಂಡ್ ಟೈಮ್ಸ್ ಆಫ್ ಹ್ಯಾಂಕ್ ಗ್ರೀನ್‌ಬರ್ಗ್ (ಸಾಕ್ಷ್ಯಚಿತ್ರ)

ಅಮೆರಿಕದ ನಿರ್ದೇಶಕಿ ಅವೀವಾ ಕೆಂಪ್ನರ್ 1998ರಲ್ಲಿ ಪೂರ್ಣಗೊಳಿಸಿದ, ಸುಮಾರು ಒಂದೂವರೆ ಗಂಟೆ ಅವಧಿಯ ಸಾಕ್ಷ್ಯಚಿತ್ರ. 1930 ಮತ್ತು 40ರ ದಶಕಗಳಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡದ ಬೆನ್ನೆಲುಬಾಗಿದ್ದ ಯಹೂದಿ ಬೇಸ್‌ಬಾಲ್ ಆಟಗಾರ ಹ್ಯಾಂಕ್ ಗ್ರೀನ್‌ಬರ್ಗ್ (1911–1986) ಇದರ ವಸ್ತು. ಕೆಂಪ್ನರ್ ಡೆಟ್ರಾಯಿಟ್‌ನಲ್ಲಿ ಬೆಳೆದವಳು. ಈಕೆಯ ತಾಯಿ ನಾಜಿ ನರಮೇಧದಿಂದ ಬದುಕುಳಿದವಳು. ಗ್ರೀನ್‌ಬರ್ಗ್ ತೀರಿಕೊಂಡ ವರ್ಷ ಕೈಗೆತ್ತಿಕೊಂಡ ಈ ಕೆಲಸ ಮುಗಿಯಲು ಹನ್ನೆರಡು ವರ್ಷ ಹಿಡಿಯಿತು. ಚಿತ್ರಕ್ಕೆ ಪೀಬಡಿ ಪ್ರಶಸ್ತಿ ಸಂದಿದೆ. ಪೂರ್ವಗ್ರಹವನ್ನು ಗೆದ್ದ ಆಟಗಾರನ ಕಥೆ ಎಂದು ಇದನ್ನು ಪರಿಚಯಿಸುವುದು ವಾಡಿಕೆ. ಆದರೆ ಆ ಪರಿಚಯ ಚಿತ್ರದ ನಿಜವಾದ ಸಾಧನೆಯನ್ನು ಮರೆಮಾಡುತ್ತದೆ. ಒಬ್ಬನ ಬ್ಯಾಟು ಯಹೂದಿ ದ್ವೇಷವನ್ನು ಅಡಗಿಸಿತು ಎನ್ನಲು ಇತಿಹಾಸದಲ್ಲಿ ಆಧಾರವಿಲ್ಲ. ಗ್ರೀನ್‌ಬರ್ಗ್‌ನಿಂದ ಬದಲಾದವರು ದ್ವೇಷಿಸುತ್ತಿದ್ದವರಿಗಿಂತ ಹೆಚ್ಚಾಗಿ ದ್ವೇಷವನ್ನು ಉಣ್ಣುತ್ತಿದ್ದವರು. ಆ ಬದಲಾವಣೆಯನ್ನು ಅನುಭವಿಸಿದವರ ಬಾಯಿಂದಲೇ ಹೇಳಿಸಿ ಉಳಿಸಿಕೊಟ್ಟದ್ದು ಈ ಚಿತ್ರದ ಹಿರಿಮೆ.

ರುಮೇನಿಯಾದಿಂದ ವಲಸೆ ಬಂದ ದಂಪತಿಯ ಮಗನಾಗಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಗ್ರೀನ್‌ಬರ್ಗ್ ಹೆಸರು ಮಾಡಿದ್ದು ಡೆಟ್ರಾಯಿಟ್‌ನಲ್ಲಿ. ಆ ಊರು ಎಂಥದ್ದೆಂಬುದು ಗೊತ್ತಿಲ್ಲದೆ ಈ ಕಥೆ ಅರ್ಥವಾಗದು. ಮೋಟಾರು ದೊರೆ ಹೆನ್ರಿ ಫೋರ್ಡ್ ತನ್ನ ‘ಡಿಯರ್‌ಬಾರ್ನ್ ಇಂಡಿಪೆಂಡೆಂಟ್’ ಪತ್ರಿಕೆಯಲ್ಲಿ 1920ರ ದಶಕದಲ್ಲಿ ಯಹೂದಿಗಳ ವಿರುದ್ಧ ವಿಷ ಕಾರಿದ್ದು ಇಲ್ಲಿಂದಲೇ. ಪಕ್ಕದ ರಾಯಲ್ ಓಕ್‌ನಿಂದ ಪಾದ್ರಿ ಚಾರ್ಲ್ಸ್ ಕಾಫ್ಲಿನ್ ರೇಡಿಯೋದಲ್ಲಿ ಮಾತಾಡುತ್ತ, 30ರ ದಶಕದ ಕೊನೆಯ ಹೊತ್ತಿಗೆ ಅದೇ ದ್ವೇಷವನ್ನು ಲಕ್ಷಾಂತರ ಮನೆಗಳಿಗೆ ಮುಟ್ಟಿಸಿದ. ಮೈದಾನದಲ್ಲಿ ಬೈಗುಳ ಪ್ರೇಕ್ಷಕರಿಂದಲೂ ಬರುತ್ತಿತ್ತು, ಎದುರಾಳಿಗಳ ಬೆಂಚಿನಿಂದಲೂ ಬರುತ್ತಿತ್ತು. ಚೆನ್ನಾಗಿ ಆಡಿದರೆ ಬಾಯಿಗಳು ಮುಚ್ಚುತ್ತವೆ ಎಂಬ ನಂಬಿಕೆಯನ್ನು 1935ರ ಅಂತಿಮ ಸರಣಿ ವರ್ಲ್ಡ್ ಸೀರೀಸ್ ಸುಳ್ಳು ಮಾಡುತ್ತದೆ. ಆ ವರ್ಷ ಗ್ರೀನ್‌ಬರ್ಗ್ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ. ಆದರೂ ಎದುರಾಳಿ ಶಿಕಾಗೊ ಕಬ್ಸ್ ಆಟಗಾರರು ಆತನ ಜಾತಿ ಹಿಡಿದು ಎಷ್ಟು ಬೈದರೆಂದರೆ, ಅಂಪೈರ್ ಜಾರ್ಜ್ ಮೊರಿಯಾರ್ಟಿ ಅವರ ಬೆಂಚಿಗೇ ಹೋಗಿ ಗದರಿಸಬೇಕಾಯಿತು. ಕೊನೆಗೆ ಬೇಸ್‌ಬಾಲ್ ಕಮಿಷನರ್ ಲ್ಯಾಂಡಿಸ್ ಬೈದವರಿಗಷ್ಟೇ ಅಲ್ಲ, ಒರಟು ಮಾತಾಡಿದನೆಂದು ಆ ಅಂಪೈರ್‌ಗೂ ದಂಡ ಹಾಕಿದ. ದ್ವೇಷವನ್ನೂ ಅದನ್ನು ತಡೆದವನ ಸಿಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಆ ತೀರ್ಪು ಅಂದಿನ ಬೇಸ್‌ಬಾಲ್ ಆಡಳಿತದ ಮನಸ್ಸು ಹೇಗಿತ್ತೆಂದು ತೋರಿಸುತ್ತದೆ.

ಚಿತ್ರದ ಹೃದಯಭಾಗ 1934ರ ಸೆಪ್ಟೆಂಬರ್. ಲೀಗ್ ಪ್ರಶಸ್ತಿಗಾಗಿ ಟೈಗರ್ಸ್ ಸೆಣಸುತ್ತಿದ್ದಾಗಲೇ ಯಹೂದಿಗಳ ಎರಡು ದೊಡ್ಡ ದಿನಗಳು ಬಂದವು. ಹೊಸವರ್ಷದ ರೋಷ್ ಹಶಾನದಂದು ಆಡಬಹುದೇ ಎಂಬ ಪ್ರಶ್ನೆ ಊರಿನ ಪತ್ರಿಕೆಗಳಲ್ಲೆಲ್ಲ ಚರ್ಚೆಯಾಗಿ ರಬ್ಬಿಗಳವರೆಗೂ ಹೋಯಿತು. ಸೆಪ್ಟೆಂಬರ್ 10ರಂದು ಆತ ಅಳುಕುತ್ತಲೇ ಕಣಕ್ಕಿಳಿದ. ಬೋಸ್ಟನ್ ರೆಡ್ ಸಾಕ್ಸ್ ವಿರುದ್ಧ ಟೈಗರ್ಸ್ 2–1ರಿಂದ ಗೆದ್ದಿತು. ಎರಡು ರನ್‌ಗಳೂ ಗ್ರೀನ್‌ಬರ್ಗ್‌ನ ಎರಡು ಹೋಮ್ ರನ್‌ಗಳಿಂದ ಬಂದವು. ಒಂಬತ್ತು ದಿನಗಳ ನಂತರ, ಉಪವಾಸ ಮತ್ತು ಪ್ರಾಯಶ್ಚಿತ್ತದ ಯೋಮ್ ಕಿಪ್ಪುರ್‌ನಂದು, ಆತ ಆಡಲಿಲ್ಲ. ಯಾಂಕೀಸ್ ಎದುರು ತಂಡ 5–2ರಿಂದ ಸೋತಿತು. ಅದೇ ದಿನ ಶಾರೆ ಝೆಡೆಕ್ ಸಿನಗಾಗ್‌ಗೆ ಆತ ಕಾಲಿಟ್ಟಾಗ ಪ್ರಾರ್ಥನೆ ನಿಂತಿತು, ಸೇರಿದ್ದವರು ಎದ್ದು ಚಪ್ಪಾಳೆ ತಟ್ಟಿದರು. ವರ್ಷದ ಅತ್ಯಂತ ಗಂಭೀರ ದಿನದಂದು, ಧಾರ್ಮಿಕ ಆಚರಣೆಯಲ್ಲಿ ಅಷ್ಟೇನೂ ನಿಷ್ಠೆಯಿರದ ಯುವಕನೊಬ್ಬನಿಗೆ ದೇವರ ಮನೆಯಲ್ಲಿ ಸಿಕ್ಕ ಚಪ್ಪಾಳೆಯದು. ಆತನಿಗೆ ಅದರಿಂದ ಮುಜುಗರವೇ ಆಯಿತು.

ಆ ಹೊತ್ತಿಗೆ ಟೈಗರ್ಸ್ ಬಹಳ ಮುಂದಿತ್ತು, ಒಂದು ಪಂದ್ಯ ಬಿಟ್ಟದ್ದರಲ್ಲಿ ತ್ಯಾಗವೇನು ಬಂತು ಎಂದು ಕೇಳುವವರಿದ್ದಾರೆ. ಲೆಕ್ಕದ ಮಟ್ಟಿಗೆ ಈ ಆಕ್ಷೇಪ ಸರಿ. ಆದರೆ ಆ ನಡೆಯ ಬೆಲೆ ಅಂಕಪಟ್ಟಿಯಲ್ಲಿರಲಿಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದ ಮರುವರ್ಷ, ಫೋರ್ಡನ ಊರಿನಲ್ಲಿ, ಹೆಸರು ಬದಲಿಸಿಕೊಂಡು ತಲೆ ತಗ್ಗಿಸಿ ಬದುಕುವುದೇ ಕ್ಷೇಮ ಎಂದುಕೊಂಡಿದ್ದ ವಲಸಿಗರ ಮಕ್ಕಳ ಮುಂದೆ, ಆರಡಿ ನಾಲ್ಕಂಗುಲದ ಒಬ್ಬ ತಾನು ಯಾರೆಂಬುದನ್ನು ಬಹಿರಂಗವಾಗಿ ನಡೆದು ತೋರಿಸಿದ. ಚಿತ್ರದಲ್ಲಿ ಮಾತಾಡುವ ಮುದುಕರು ಆ ದಿನವನ್ನು ದಶಕಗಳ ನಂತರವೂ ತಮ್ಮ ಸ್ವಂತ ಗೆಲುವೆಂಬಂತೆ ನೆನೆಯುತ್ತಾರೆ.

1938ರ ಸೀಸನ್ ಬಗೆಗಿನ ನಂಬಿಕೆಯನ್ನು ಮಾತ್ರ ಎಚ್ಚರದಿಂದ ನೋಡಬೇಕು. ಆ ವರ್ಷ ಗ್ರೀನ್‌ಬರ್ಗ್ 58 ಹೋಮ್ ರನ್ ಹೊಡೆದ. ಬೇಬ್ ರೂತ್‌ನ 60ರ ದಾಖಲೆಗೆ ಎರಡು ಕಡಿಮೆ. ಯಹೂದಿಯೊಬ್ಬ ರೂತ್‌ನನ್ನು ಮೀರಬಾರದೆಂದು ಪಿಚರ್‌ಗಳು ಬೇಕೆಂದೇ ಆತನಿಗೆ ‘ವಾಕ್’ ಕೊಟ್ಟರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಪಿಚರ್ ನಾಲ್ಕು ಎಸೆತ ಹೊರಗೆ ಹಾಕಿದರೆ ಬ್ಯಾಟರ್ ಸುಮ್ಮನೆ ಮೊದಲ ಬೇಸ್‌ಗೆ ನಡೆಯುತ್ತಾನೆ, ಹೊಡೆಯುವ ಅವಕಾಶ ಕೈತಪ್ಪುತ್ತದೆ. ಗ್ರೀನ್‌ಬರ್ಗ್‌ಗೆ ಆ ವರ್ಷ ಸಿಕ್ಕ ವಾಕ್‌ಗಳು 119. ಯಹೂದಿಯಲ್ಲದ ಜಿಮ್ಮಿ ಫಾಕ್ಸ್‌ಗೂ ಅದೇ ವರ್ಷ ಅಷ್ಟೇ ಸಿಕ್ಕವು; 60 ಹೊಡೆದ ವರ್ಷ ರೂತ್‌ಗೆ ಸಿಕ್ಕದ್ದು 137. ಕೊನೆಯ ದಿನದ ಮೊದಲ ಪಂದ್ಯದಲ್ಲಿ ಎದುರಾಳಿ ಪಿಚರ್ ಬಾಬ್ ಫೆಲ್ಲರ್ 18 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ ಅಂದಿನ ದಾಖಲೆ ಬರೆದ. ಇದು ಹೊಡೆಯಲು ಬಿಡದ ಆಟವಲ್ಲ, ಹೊಡೆಯಲಾಗದಂತೆ ಎಸೆದ ಆಟ. ಸಂಚಿನ ಮಾತನ್ನು ಸ್ವತಃ ಗ್ರೀನ್‌ಬರ್ಗ್ ತಳ್ಳಿಹಾಕಿದ್ದ. ಆದರೂ ಆ ಮಾತು ಅಳಿದಿಲ್ಲ, ಅಳಿಯದಿರುವುದಕ್ಕೆ ಕಾರಣವೂ ಇದೆ: ಉದ್ಯೋಗ, ಕಾಲೇಜು, ಬಾಡಿಗೆ ಮನೆ ಎಲ್ಲೆಡೆಯೂ ಕಾಣದ ಕೈಯೊಂದು ತಮ್ಮನ್ನು ತಡೆಯುವುದನ್ನು ಕಂಡಿದ್ದ ಜನ, ಮೈದಾನದಲ್ಲಿಯೂ ಅದೇ ಕೈಯನ್ನು ಕಂಡರು.

ಚಿತ್ರದ ಮೇಲಿನ ಗಟ್ಟಿ ಆಕ್ಷೇಪ ಇದು ಬರೀ ಅಭಿಮಾನಿಗಳ ಸಂಕಲನ ಎಂಬುದು. ನಟ ವಾಲ್ಟರ್ ಮಥಾವ್, ಅಂದಿನ ಸೆನೆಟರ್ ಕಾರ್ಲ್ ಲೆವಿನ್, ವಕೀಲ ಅಲನ್ ಡರ್ಶೋವಿಟ್ಜ್ ಮಾತಿಗೆ ಕೂತರೆ ಮಕ್ಕಳಾಗಿಬಿಡುತ್ತಾರೆ ನಿಜ. ಆಟಗಾರನ ತಪ್ಪುಒಪ್ಪುಗಳನ್ನು ತೂಗಿನೋಡುವ ಜೀವನಚರಿತ್ರೆ ಬೇಕಾದವರಿಗೆ ಇದು ಸಾಲದು. ಆದರೆ ಒಂದು ಸಮುದಾಯದ ಎದೆಯೊಳಗೆ ನಡೆದ ಬದಲಾವಣೆಗೆ ಆ ಸಮುದಾಯದ ನೆನಪಿಗಿಂತ ಹತ್ತಿರದ ಸಾಕ್ಷಿ ಯಾವುದು? ಹಳೆಯ ಸಂದರ್ಶನದಲ್ಲಿ ಕೇಳಿಸುವ ಗ್ರೀನ್‌ಬರ್ಗ್‌ನ ದನಿ ಈ ಉತ್ಸಾಹವನ್ನು ಹದದಲ್ಲಿಡುತ್ತದೆ. ಮೊದಮೊದಲು ಒಳ್ಳೆಯ ಆಟಗಾರನೆನಿಸಿಕೊಂಡರೆ ಸಾಕೆಂದಿದ್ದ ಆತ ಕ್ರಮೇಣ ಯಹೂದಿ ಆಟಗಾರನೆಂಬ ಹೊರೆಯನ್ನು ಒಪ್ಪಿಕೊಂಡ, ಕಡೆಗೆ ಹೆಮ್ಮೆಯಿಂದಲೇ ಹೊತ್ತ.

ಯುದ್ಧಕಾಲ ಆತನ ಆಟದ ನಾಲ್ಕು ವರ್ಷಗಳಿಗೂ ಮಿಗಿಲಾದ ಅವಧಿಯನ್ನು ನುಂಗಿತು. 1941ರಲ್ಲಿ ವರ್ಷಕ್ಕೆ 55,000 ಡಾಲರ್ ಸಂಬಳದ ಆಟಗಾರ ತಿಂಗಳಿಗೆ 21 ಡಾಲರ್‌ನ ಸಿಪಾಯಿಯಾದ. ಆ ಡಿಸೆಂಬರ್ 5ರಂದು ಬಿಡುಗಡೆಯಾಗಿ, ಎರಡು ದಿನದಲ್ಲೇ ಪರ್ಲ್ ಹಾರ್ಬರ್ ಮೇಲೆ ದಾಳಿಯಾದಾಗ, ತಾನಾಗಿಯೇ ಮತ್ತೆ ಸೇನೆಗೆ ಸೇರಿದ. 1947ರಲ್ಲಿ, ಪಿಟ್ಸ್‌ಬರ್ಗ್ ಪೈರೇಟ್ಸ್ ಪರ ಆಡಿದ ಕೊನೆಯ ಸೀಸನ್‌ನಲ್ಲಿ, ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಮೊದಲ ಬೇಸ್‌ನಲ್ಲಿ ಆತನಿಗೆ ಡಿಕ್ಕಿ ಹೊಡೆದ. ಅನಂತರ ಮತ್ತೆ ಅಲ್ಲಿಗೆ ಬಂದಾಗ ಪೆಟ್ಟಾಯಿತೇ ಎಂದು ವಿಚಾರಿಸಿ, ಬೈಗುಳಕ್ಕೆ ಕಿವಿಗೊಡದೆ ಆಡುತ್ತಿರು ಎಂದು ಧೈರ್ಯ ಹೇಳಿದವನು ಗ್ರೀನ್‌ಬರ್ಗ್. ಇಬ್ಬರ ಕಷ್ಟವನ್ನೂ ಸಮ ಮಾಡಲಾಗದು: ಒಬ್ಬನಿಗೆ ಒಳಗೆ ಬಂದಮೇಲೆ ಬೈಗುಳ, ಇನ್ನೊಬ್ಬನ ಜನಕ್ಕೆ ಅಲ್ಲಿಯವರೆಗೆ ಬಾಗಿಲೇ ಮುಚ್ಚಿತ್ತು. ಈ ಅಂತರವನ್ನು ಗ್ರೀನ್‌ಬರ್ಗ್ ತಾನೇ ಒಪ್ಪಿದ್ದ. ಆಟದ ವರ್ಷಗಳ ಮೇಲೆಯೇ ಭಾರ ಹಾಕುವ ಚಿತ್ರ ಅನಂತರದ ದಶಕಗಳನ್ನು ಬೇಗ ದಾಟುವುದೇ ಅದರ ನಿಜವಾದ ಕೊರತೆ. ಕ್ಲೀವ್‌ಲ್ಯಾಂಡ್ ತಂಡದ ಜನರಲ್ ಮ್ಯಾನೇಜರ್ ಆಗಿ ಮಾಲೀಕರ ಸಾಲಿನಲ್ಲಿ ಕೂತು ಬಂದವನೇ, ಆಟಗಾರರನ್ನು ತಂಡಕ್ಕೆ ಕಟ್ಟಿಹಾಕುತ್ತಿದ್ದ ಒಪ್ಪಂದದ ವಿರುದ್ಧ ಆಟಗಾರ ಕರ್ಟ್ ಫ್ಲಡ್ ಹೂಡಿದ ಮೊಕದ್ದಮೆಯಲ್ಲಿ, 1970ರಲ್ಲಿ, ಆಟಗಾರನ ಪರವಾಗಿ ಸಾಕ್ಷಿ ಹೇಳಿದ. ಅದೇ ನ್ಯಾಯಾಲಯದಲ್ಲಿ ಫ್ಲಡ್ ಪರ ಸಾಕ್ಷಿ ನುಡಿದ ಇನ್ನೊಬ್ಬ ಜಾಕಿ ರಾಬಿನ್ಸನ್.