ಗೃಹಗಳಲ್ಲಿನ ರೇಡಾನ್ ಮತ್ತು ರಾಷ್ಟ್ರಗಳ ಸಹಕಾರ

ಭೂಗರ್ಭದ ಯುರೇನಿಯಮ್ಮಿನ ವಿಘಟನೆಯಿಂದ ಜನಿಸುವ ರೇಡಾನ್ ಬಣ್ಣವೂ ವಾಸನೆಯೂ ಇಲ್ಲದ ಅನಿಲ. ನೆಲದ ಬಿರುಕುಗಳ ಮೂಲಕ ಅದು ಮನೆಗಳನ್ನು ಸೇರುತ್ತದೆ. ಜರ್ಮನಿಯ ಶ್ನೇಬರ್ಗ್ ಗಣಿಗಾರರಲ್ಲಿ ಹೆರ್ಟಿಂಗ್ ಮತ್ತು ಹೆಸ್ಸೆ ಎಂಬ ವೈದ್ಯರು 1879ರಲ್ಲಿ ಗುರುತಿಸಿದ ಶ್ವಾಸಕೋಶದ ಕ್ಯಾನ್ಸರಿಗೆ ರೇಡಾನ್ ಕಾರಣವೆಂಬುದು ಕಾಲಾನಂತರದಲ್ಲಿ ಸಿದ್ಧವಾಯಿತು. 1988ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಸಾರಿತು.

ಆದರೆ ಗಣಿಗಿಂತ ಬಹಳ ಕಡಿಮೆ ಪ್ರಮಾಣದ ರೇಡಾನ್ ಇರುವ ಮನೆಗಳಲ್ಲಿಯೂ ಅಪಾಯವುಂಟೇ? ಒಂದೊಂದು ರಾಷ್ಟ್ರದ ರೋಗಿಗಳ ಸಂಖ್ಯೆಯು ಈ ಪ್ರಶ್ನೆಯನ್ನು ನಿರ್ಣಯಿಸಲು ಸಾಲದಾಗಿತ್ತು. 2005ರಲ್ಲಿ ಯೂರೋಪಿನ 9 ರಾಷ್ಟ್ರಗಳ 13 ಅಧ್ಯಯನಗಳನ್ನು, 7,148 ರೋಗಿಗಳ ವಿವರಗಳೊಡನೆ, ಒಟ್ಟುಗೂಡಿಸಿ ಪರಿಶೀಲಿಸಿದಾಗ, ಘನಮೀಟರಿಗೆ 100 ಬೆಕೆರೆಲ್ ಹೆಚ್ಚಿದಂತೆಲ್ಲ ಅಪಾಯವು ಸುಮಾರು ಶೇಕಡಾ 16ರಷ್ಟು ಏರುವುದೆಂದು ತಿಳಿದುಬಂತು.

ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಅಂತಾರಾಷ್ಟ್ರೀಯ ರೇಡಾನ್ ಯೋಜನೆಯನ್ನು ಆರಂಭಿಸಿತು. 2009ರ ಅದರ ಕೈಪಿಡಿಯು 100 ಬೆಕೆರೆಲನ್ನು ಮಿತಿಯಾಗಿ ಸೂಚಿಸಿ, ಅದು ಸಾಧ್ಯವಾಗದೆಡೆ 300ನ್ನು ಮೀರಬಾರದೆಂದಿತು. ಸದಸ್ಯ ರಾಷ್ಟ್ರಗಳು ನಿಗದಿಪಡಿಸುವ ಮಟ್ಟವು 300ನ್ನು ಮೀರಕೂಡದೆಂದು ಐರೋಪ್ಯ ಒಕ್ಕೂಟವು 2013ರಲ್ಲಿ ವಿಧಿಸಿತು.

ಈ ಇತಿಹಾಸದಲ್ಲಿ ಜ್ಞಾನವೇ ಸಹಕಾರದ ಫಲವಾಗಿರುವುದು ಗಮನಾರ್ಹ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗೆ ಶಾಸನದ ಬಲವಿಲ್ಲ. ತಳಪಾಯದ ಕೆಳಗಿನ ಗಾಳಿಯನ್ನು ಕೊಳವೆಯಿಂದ ಹೊರಸೆಳೆಯುವಂತಹ ಉಪಾಯಗಳನ್ನು ಮನೆಗಳಲ್ಲಿ ಜಾರಿಗೆ ತರುವ ಹೊಣೆಯು ಆಯಾ ರಾಷ್ಟ್ರದ ಕಟ್ಟಡ ನಿಯಮಗಳ ಮೇಲೆಯೇ ಉಳಿದಿದೆ.