ಮೂಳೆಗಳ ಮನೆ

ಅಪ್ಪ ತೀರಿಕೊಂಡಿದ್ದು 1996ರ ಮಳೆಗಾಲದಲ್ಲಿ, ಇಲ್ಲೇ ಮುಂಬಯಿಯಲ್ಲಿ. ಅಸ್ಥಿ ಸಂಚಯನ ಮುಗಿದ ಮೇಲೆ ಮಡಕೆ ಎಲ್ಲಿಡುವುದು ಅನ್ನೋ ಪ್ರಶ್ನೆ ಎದ್ದಿತು. ಊರಲ್ಲಾಗಿದ್ದರೆ ಹಿತ್ತಲ ಮರಕ್ಕೆ ಕಟ್ಟುತ್ತಿದ್ದರು. ಮನೆಯೊಳಗೆ ತರುವ ಹಾಗಿಲ್ಲ. ಮುಲುಂಡ್‌ನ ಮೂರನೇ ಮಹಡಿಯ ಮನೆಗೆ ಹಿತ್ತಲೆಲ್ಲಿಂದ ಬರಬೇಕು? ಸ್ಮಶಾನದಲ್ಲೇ ಗೋಡೆಗೆ ಒರಗಿಸಿದ ಕಬ್ಬಿಣದ ಲಾಕರುಗಳಿದ್ದವು, ಬ್ಯಾಂಕಿನಲ್ಲಿ ಇರುತ್ತವಲ್ಲ, ಥೇಟ್ ಹಾಗೇ. ಕಾವಲುಗಾರ ನಮ್ಮ ಮಡಕೆಯನ್ನು ಒಂದರಲ್ಲಿ ಇಟ್ಟು, ಬೀಗದ ಕೈ ನನಗೆ ಕೊಟ್ಟು, "ಜಲ್ದೀ ಲೇ ಜಾನಾ ಸಾಬ್, ಜಗಾ ನಹೀ ಹೈ" ಅಂದ.

ಮುಂಬಯಿಯಲ್ಲಿ ಬದುಕಿದ್ದವರಿಗೂ ಜಾಗ ಇಲ್ಲ, ಸತ್ತವರಿಗೂ ಇಲ್ಲ ಅಂತ ಆಗ ಸಿಟ್ಟು ಬಂದಿತ್ತು. ಈ 'ಜಗಾ ನಹೀ ಹೈ' ಎಷ್ಟು ಹಳೇ ಮಾತು ಅಂತ ಗೊತ್ತಾಗಿದ್ದು ಬಹಳ ತಡವಾಗಿ. 2012ರಲ್ಲಿ ಮಗ ಕೆಲಸದ ಮೇಲೆ ಪ್ರಾಗ್‌ಗೆ ಹೋಗಿದ್ದವನು ಬರುವಾಗ ಲ್ಯಾಪ್‌ಟಾಪ್ ತುಂಬ ಫೋಟೋ ತಂದಿದ್ದ. ಸೇತುವೆ, ಕೋಟೆ, ಟ್ರಾಮು ಎಲ್ಲ ಆದ ಮೇಲೆ ಒಂದು ತೂಗುದೀಪ ಬಂತು. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಇಡೀ ದೀಪ ಮನುಷ್ಯರ ಮೂಳೆಯದು! ಮಾಲೆ ಮಾಲೆಯಾಗಿ ಬುರುಡೆಗಳು, ತೊಡೆ ಮೂಳೆಗಳು. "ಇವರಿಗೆಲ್ಲ ನೀರಿಗೆ ಬಿಡೋರು ಯಾರೂ ಇರಲಿಲ್ವೇನೋ?" ಅಂದರು ಅಮ್ಮ.

ಆ ಜಾಗ ಕುಟ್ನಾ ಹೋರಾ ಊರಿನ ಸೆಡ್ಲೆಟ್ಸ್. ಪ್ರಾಗ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ. 1142ರಲ್ಲಿ ಅಲ್ಲಿ ಸಿಸ್ಟರ್ಶಿಯನ್ ಸನ್ಯಾಸಿಗಳ ಮಠ ಶುರುವಾಯಿತು. 1278ರಲ್ಲಿ ಮಠಾಧಿಪತಿಯೊಬ್ಬ ಜೆರುಸಲೆಮ್‌ಗೆ ಹೋಗಿ, ಏಸು ಶಿಲುಬೆಗೇರಿದ ಗೊಲ್ಗೊಥಾದಿಂದ ಒಂದು ಹಿಡಿ ಮಣ್ಣು ತಂದು ತಮ್ಮ ಸ್ಮಶಾನದಲ್ಲಿ ಎರಚಿದ ಅನ್ನುತ್ತಾರೆ. ಅಷ್ಟೇ ಸಾಕಾಯಿತು. ಕಾಶಿಯಲ್ಲಿ ಸಾಯಬೇಕು ಅಂತ ನಮ್ಮವರಿಗೆ ಹೇಗೋ, ಸೆಡ್ಲೆಟ್ಸ್‌ನಲ್ಲಿ ಮಣ್ಣಾಗಬೇಕು ಅಂತ ಅವರಿಗೆ. ಆ ಮೇಲೆ 14ನೇ ಶತಮಾನದ ಪ್ಲೇಗು, 15ನೇ ಶತಮಾನದ ಹುಸ್ಸೈಟ್ ಯುದ್ಧಗಳು. ಸ್ಮಶಾನ ತುಂಬಿ ಹೋಯಿತು. ಹಳೇ ಮೂಳೆ ಅಗೆದು ತೆಗೆದು ಚರ್ಚಿನ ಕೆಳಗಿನ ಕೋಣೆಯಲ್ಲಿ ಪೇರಿಸಿದರು. 1511ರ ಸುಮಾರಿಗೆ ಕಣ್ಣು ಸರಿಯಾಗಿ ಕಾಣದ ಒಬ್ಬ ಸನ್ಯಾಸಿ ಈ ಕೆಲಸ ಮಾಡಿದ ಅಂತ ಕಥೆ ಇದೆ. ಕೈಯಿಂದ ತಡವಿ ತಡವಿ ಇದು ಬುರುಡೆ, ಇದು ತೊಡೆ ಮೂಳೆ ಅಂತ ಬೇರೆ ಮಾಡುತ್ತಿದ್ದನೋ ಏನೋ, ಪಾಪ.

ತೂಗುದೀಪ ಮಾಡಿದವನು ಅವನಲ್ಲ. ಅದು 1870ರದು. ಅಷ್ಟರಲ್ಲಿ ಜಾಗ ಶ್ವಾರ್ಟ್ಸೆನ್‌ಬೆರ್ಗ್ ಅನ್ನೋ ಜಮೀನ್ದಾರಿ ಮನೆತನದ ಕೈಗೆ ಬಂದಿತ್ತು. ಅವರು ಫ್ರಾಂಟಿಶೆಕ್ ರಿಂಟ್ ಅನ್ನೋ ಮರಗೆಲಸದವನನ್ನು ಕರೆಸಿ, ಮೂಳೆಗಳನ್ನು ಒಪ್ಪವಾಗಿ ಜೋಡಿಸು ಅಂದರು. ಅವನು ದೀಪ ಮಾಡಿದ, ಧಣಿಗಳ ಲಾಂಛನವನ್ನೂ ಮೂಳೆಯಲ್ಲೇ ಮಾಡಿದ. ಅದರಲ್ಲಿ ಒಂದು ಕಾಗೆ ತುರ್ಕನೊಬ್ಬನ ಕಣ್ಣು ಕುಕ್ಕುತ್ತಿದೆ. ಕೊನೆಗೆ ಗೋಡೆಯ ಮೇಲೆ ತನ್ನ ಹೆಸರು, ಇಸವಿಯನ್ನೂ ಮೂಳೆಯಲ್ಲೇ ಬರೆದ. ಪುಣ್ಯಭೂಮಿ ಅಂತ ಬಂದು ಮಲಗಿದವರ ಮೂಳೆಯಲ್ಲಿ ಧಣಿಯ ಪ್ರತಾಪ, ಕೆಲಸಗಾರನ ರುಜು... ನನಗೆ ಇದು ಅಷ್ಟು ಸರಿ ಅನ್ನಿಸಲಿಲ್ಲ. ಅಲ್ಲಿರುವ ಮೂಳೆ 40 ಸಾವಿರದಿಂದ 70 ಸಾವಿರ ಜನರದು ಅಂತ ಅಂದಾಜು. ಒಬ್ಬರ ಹೆಸರೂ ಬರೆದಿಲ್ಲ, ರಿಂಟ್‌ನದೊಂದು ಬಿಟ್ಟು. ಜನ ಬುರುಡೆ ಜೊತೆ ಸೆಲ್ಫಿ ತೆಗೆಯೋದು ಅತಿಯಾಗಿ 2020ರಿಂದ ಅಲ್ಲಿ ಅನುಮತಿ ಇಲ್ಲದೆ ಫೋಟೋ ತೆಗೆಯುವಂತಿಲ್ಲ ಅಂತ ಮಾಡಿದರು. ನನ್ನ ಮಗ ಹೋಗಿದ್ದು ಅದಕ್ಕೆ ಮೊದಲು.

ಅವರೇಕೆ ಸುಡಲಿಲ್ಲ ಅಂತ ಅಮ್ಮನ ಮುಂದಿನ ಪ್ರಶ್ನೆ. ಕ್ರೈಸ್ತರ ನಂಬಿಕೆಯಲ್ಲಿ ಕೊನೇ ದಿನ ಸತ್ತವರು ದೇಹಸಮೇತ ಏಳಬೇಕು. ಸುಡೋದು ಪೇಗನ್ನರ ಪದ್ಧತಿ. ಶಾರ್ಲಮೇನ್ ದೊರೆ ಸ್ಯಾಕ್ಸನ್ನರಲ್ಲಿ ಯಾರಾದರೂ ಹೆಣ ಸುಟ್ಟರೆ ಮರಣದಂಡನೆ ಅಂತ 8ನೇ ಶತಮಾನದಲ್ಲೇ ಕಾನೂನು ಮಾಡಿದ್ದ. ಕ್ಯಾಥೊಲಿಕ್ ಚರ್ಚು ಸುಡಬಹುದು ಅಂತ ಒಪ್ಪಿದ್ದು 1963ರಲ್ಲಿ. ಸುಡುವ ಹಾಗಿಲ್ಲ, ಚರ್ಚಿನ ಪಕ್ಕದ ನೆಲ ಬೆಳೆಯೋದಿಲ್ಲ. ಹಳಬರನ್ನು ಎಬ್ಬಿಸಿ ಹೊಸಬರಿಗೆ ಜಾಗ ಕೊಡದೆ ಇನ್ನೇನು ಮಾಡೋದು? ಪ್ಯಾರಿಸ್‌ನಲ್ಲಿ ಇನ್ನೂ ವಿಪರೀತ. ಊರ ನಡುವಿನ ಇನ್ನೊಸೆಂಟ್ಸ್ ಸ್ಮಶಾನ ಎಷ್ಟು ತುಂಬಿತ್ತೆಂದರೆ 1780ರಲ್ಲಿ ಪಕ್ಕದ ಮನೆಯ ನೆಲಮಾಳಿಗೆಯ ಗೋಡೆ ಒಡೆದು ಹೆಣಗಳು ಒಳಗೆ ಬಂದವು. 1786ರಿಂದ ರಾತ್ರಿ ಹೊತ್ತು ಕಪ್ಪು ಬಟ್ಟೆ ಹೊದಿಸಿದ ಗಾಡಿಗಳಲ್ಲಿ, ಪಾದ್ರಿಗಳು ಮಂತ್ರ ಹೇಳುತ್ತ, ಮೂಳೆಗಳನ್ನು ಊರ ಕೆಳಗಿನ ಹಳೇ ಕಲ್ಲುಗಣಿಗಳಿಗೆ ಸಾಗಿಸಿದರು. ಇವತ್ತು ಅಲ್ಲಿ ಸುಮಾರು 60 ಲಕ್ಷ ಜನರ ಮೂಳೆ ಇದೆ ಅನ್ನುತ್ತಾರೆ.

ಇವೆಲ್ಲಕ್ಕಿಂತ ನನ್ನ ಮನಸ್ಸು ಹಿಡಿದದ್ದು ಆಸ್ಟ್ರಿಯಾದ ಹಾಲ್‌ಸ್ಟಾಟ್. ಒಂದು ಕಡೆ ಕೆರೆ, ಒಂದು ಕಡೆ ಗುಡ್ಡ, ನಡುವೆ ಅಂಗೈಯಷ್ಟು ಊರು. ಗೋರಿಗೆ ಜಾಗ ಸಿಕ್ಕರೂ ಹತ್ತು ಹದಿನೈದು ವರ್ಷಕ್ಕೆ. ಆಮೇಲೆ ಬುರುಡೆ ತೆಗೆದು, ತೊಳೆದು, ಬಿಸಿಲಿಗಿಟ್ಟು ಬೆಳ್ಳಗೆ ಮಾಡಿ, ಹಣೆಯ ಮೇಲೆ ಹೆಸರು, ಸತ್ತ ದಿನ ಬರೆದು, ಸುತ್ತ ಹೂವೋ ಎಲೆಯೋ ಚಿತ್ರಿಸಿ ಚಿಕ್ಕ ಪ್ರಾರ್ಥನಾ ಮಂದಿರದಲ್ಲಿ ಇಡುತ್ತಿದ್ದರು. ಒಟ್ಟು 1,200 ಬುರುಡೆ, ಅದರಲ್ಲಿ 600ಕ್ಕೂ ಹೆಚ್ಚಿಗೆ ಬಣ್ಣದ್ದು. ಒಂದೇ ಮನೆಯವರು ಪಕ್ಕ ಪಕ್ಕದಲ್ಲಿ. ಕೊನೆಯದಾಗಿ ಬಂದವಳು 1983ರಲ್ಲಿ ತೀರಿಕೊಂಡ ಹೆಂಗಸು. ತನ್ನ ಇಚ್ಛೆಯಂತೆ 1995ರಲ್ಲಿ ಒಳಗೆ ಸೇರಿದಳು. ಒಂದು ಚಿನ್ನದ ಹಲ್ಲಿದೆ. ಇದನ್ನು ಪ್ರದರ್ಶನ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಗೋಡೆ ಮೇಲೆ ಅಜ್ಜಿ ಫೋಟೋ ಹಾಕಿದ ಹಾಗೆ, ಅಷ್ಟೇ.

ಪ್ರದರ್ಶನ ಅಂದರೆ ಬೇರೆ. 1963ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಒಂದು ಪಬ್‌ನಲ್ಲಿ ಬುರುಡೆಯೊಂದು ಸಿಕ್ಕಿತು. ಕಣ್ಣಿನ ಗೂಡಿನಲ್ಲಿ ಮಡಚಿದ ಚೀಟಿ. ಬಂಗಾಳ ಸೈನ್ಯದ 46ನೇ ರೆಜಿಮೆಂಟಿನ ಹವಾಲ್ದಾರ ಆಲಂ ಬೇಗ್. 1858ರಲ್ಲಿ ಸಿಯಾಲ್‌ಕೋಟ್‌ನಲ್ಲಿ ತೋಪಿನ ಬಾಯಿಗೆ ಕಟ್ಟಿ ಉಡಾಯಿಸಿ, ತಲೆಯನ್ನು ಒಬ್ಬ ಅಧಿಕಾರಿ ಸ್ಮರಣಿಕೆ ಅಂತ ತಂದಿದ್ದ. ಚರಿತ್ರಕಾರ ಕಿಮ್ ವಾಗ್ನರ್ 2017ರಲ್ಲಿ ಈ ಬುರುಡೆಯ ಮೇಲೇ ಒಂದು ಪುಸ್ತಕ ಬರೆದರು. ಚೀಟಿ ಹೊರಿಸಿದ ಕೊಲೆಗಳನ್ನು ಅವನು ಮಾಡಿರಲಿಕ್ಕಿಲ್ಲ ಅಂತ ಅವರ ತೀರ್ಮಾನ. ಹಾಲ್‌ಸ್ಟಾಟ್‌ನಲ್ಲೂ ಬುರುಡೆಗೆ ಹೆಸರಿದೆ, ಇಲ್ಲೂ ಇದೆ. ಬರೆದವರು ಯಾರು ಅನ್ನೋದೇ ವ್ಯತ್ಯಾಸ.

ಇಂಥ ಮನೆಗಳಿಗೆ ಇಂಗ್ಲಿಷಿನಲ್ಲಿ ಆಸ್ಯುಅರಿ ಅನ್ನುತ್ತಾರೆ. ಲ್ಯಾಟಿನ್‌ನ 'ಓಸ್', ಮೂಳೆ ಅಂತ. ನಮ್ಮ 'ಅಸ್ಥಿ'ಗೆ ದಾಯಾದಿ. ಹಳೇ ಇರಾನಿನಲ್ಲಿ ಜರತುಷ್ಟ್ರನ ಅನುಯಾಯಿಗಳು ಮೂಳೆ ಇಡುವ ಪಾತ್ರೆಯನ್ನು 'ಅಸ್ತೋದಾನ್' ಅನ್ನುತ್ತಿದ್ದರು. ಅವರ ವಂಶದ ಪಾರ್ಸಿಗಳು ನಮ್ಮ ಪಕ್ಕದಲ್ಲೇ ಇದ್ದಾರಲ್ಲ! ಮಲಬಾರ್ ಹಿಲ್‌ನ ಡುಂಗರ್‌ವಾಡಿಯ ದಖ್ಮಾಗಳ ನಡುವೆ ಒಂದು ಬಾವಿ ಇರುತ್ತದೆ, ಭಂಡಾರ್ ಅಂತ. ಬಿಸಿಲಲ್ಲಿ ಒಣಗಿದ ಮೂಳೆಗಳೆಲ್ಲ ಅದಕ್ಕೆ, ಸೇಟ್‌ಜಿಯದೂ ಅಷ್ಟೇ, ಬಡವನದೂ ಅಷ್ಟೇ. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಫೋಟೋದ ಮಾತೇ ಇಲ್ಲ.

ಅಪ್ಪನ ಮಡಕೆ ಲಾಕರಿನಲ್ಲಿ ಹನ್ನೊಂದು ದಿನ ಇತ್ತು. ಆಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿ, ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕಿಟಕಿ ಪಕ್ಕ ತೊಡೆ ಮೇಲಿಟ್ಟುಕೊಂಡು ಕೂತೆ. ಸೋಲಾಪುರದ ಹತ್ತಿರ ಎದುರಿನ ಸೀಟಿನ ಹುಡುಗ ಅದರಲ್ಲಿ ಏನಿದೆ ಅಂಕಲ್ ಅಂತ ಕೇಳಿದ. ಅವನಮ್ಮ ಅವನ ಕೈ ಹಿಡಿದು ಎಳೆದಳು. ಮರುದಿನ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟೆ. ಮಳೆಗಾಲದ ನೀರು, ಕೆಂಪಗಿತ್ತು, ಒಂದು ಕ್ಷಣವೂ ನಿಲ್ಲಲಿಲ್ಲ. ಲಾಕರಿನ ಬೀಗದ ಕೈ ವಾಪಸ್ ಕೊಡೋದನ್ನು ಮರೆತಿದ್ದೆ. ಅದು ಇನ್ನೂ ಮನೆಯಲ್ಲೇ ಇದೆ.